ಒಟ್ರಾಂಟೊ ದೇವಾಲಯದ ಆನೆಗಳು

ಇಟಲಿಗೆ ಮೊದಲ ಬಾರಿ ಹೋಗುವ ನಮ್ಮವರು ಸಾಮಾನ್ಯವಾಗಿ ರೋಮ್, ಫ್ಲಾರೆನ್ಸ್, ವೆನಿಸ್‌ಗಳೆಂಬ ತ್ರಿಸ್ಥಳಿಯನ್ನು ಮುಗಿಸಿಕೊಂಡು ತೃಪ್ತರಾಗಿ ಹಿಂದಿರುಗುತ್ತಾರೆ. ಭೂಪಟದಲ್ಲಿ ಆ ದೇಶದ ಹಿಮ್ಮಡಿಯಾಗಿ ತೋರುವ ಪುಲಿಯಾ ಪ್ರಾಂತದತ್ತ ಮುಖ ಮಾಡುವವರು ವಿರಳ. ಪಡುವಾ ನಗರದಲ್ಲಿ ಹೊರಟು, ಏಡ್ರಿಯಾಟಿಕ್ ಸಮುದ್ರದ ಕರೆಯನ್ನೇ ಹಿಡಿದು, ಸಾವಿರ ಕಿಲೋಮೀಟರಿಗೂ ಮಿಕ್ಕ ದೂರ ದಕ್ಷಿಣಾಭಿಮುಖವಾಗಿ ಸಾಗಿಬರುವ 16ನೆಯ ಸಂಖ್ಯೆಯ ಹೆದ್ದಾರಿ ಕೊನೆಗೊಳ್ಳುವುದು ಈ ಪ್ರಾಂತದ ಒಟ್ರಾಂಟೊ ಎಂಬ ಪುಟ್ಟ ಊರಿನಲ್ಲಿ. ರಜೆಯ ದಿನಗಳಲ್ಲಿ ಬಾಡಿಗೆಯ ಕಾರೊಂದನ್ನು ಹಿಡಿದು ಟ್ರಾನಿ, ಬಾರಿ, ಬ್ರಿಂಡಿಸಿಗಳನ್ನು ನೋಡುತ್ತ, ಮಗಳು ಸಾರಥ್ಯ ವಹಿಸಲಾಗಿ, ನಾವು ಆ ದಾರಿಯ ತುದಿಯನ್ನು ಮುಟ್ಟಿದೆವು. ಅಲ್ಲಿ ಕಂಡದ್ದು ಇಂದಿಗೂ ನನ್ನ ಮನಸ್ಸನ್ನು ಬಿಟ್ಟಿಲ್ಲ.

ಒಟ್ರಾಂಟೊ ಊರಿನ ಪ್ರಧಾನ ದೇವಾಲಯ 1088ರಲ್ಲಿ ಪ್ರತಿಷ್ಠೆಗೊಂಡದ್ದು. ಹೊರಗಿನಿಂದ ನೋಡಿದರೆ ಬಿಳಿಯ ಕಲ್ಲಿನ ನಿರಾಡಂಬರವಾದ ಕಟ್ಟಡ. ಮಧ್ಯಾಹ್ನದಲ್ಲಿ ಆ ಭಾಗದ ದೇವಾಲಯಗಳೆಲ್ಲ ಬಾಗಿಲು ಮುಚ್ಚುವ ಪದ್ಧತಿಯಾದ್ದರಿಂದ, ಬಿಸಿಲು ಇಳಿಯುವವರೆಗೂ ನೆರಳಿನಲ್ಲಿ ಕುಳಿತು ಕಾದು, ಬಾಗಿಲು ತೆರೆದೊಡನೆ ಒಳಹೊಕ್ಕೆವು. ಒಳಗೆ ನೆಲವೆಂಬ ನೆಲವೆಲ್ಲವೂ ಒಂದೇ ಚಿತ್ರ. ಸುಣ್ಣಕಲ್ಲಿನ ಸಣ್ಣ ಸಣ್ಣ ಹರಳುಗಳನ್ನು ಒತ್ತೊತ್ತಾಗಿ ಕೂರಿಸಿ ರಚಿಸಿದ ಆ ಮೊಸಾಯಿಕ್ ಚಿತ್ರದಲ್ಲಿ ಮಹಾವೃಕ್ಷವೊಂದು ಬಾಗಿಲ ಬಳಿಯಿಂದ ಹೊರಟು, ಇಕ್ಕೆಲಗಳಲ್ಲಿಯೂ ಕೊಂಬೆಗಳನ್ನು ಚಾಚುತ್ತ, ಬಲಿಪೀಠದ ದಿಕ್ಕಿನಲ್ಲಿ ಮೇಲೇರುತ್ತದೆ. ಆ ವೃಕ್ಷಕ್ಕೆ ಬುಡದಲ್ಲಿ ಆಧಾರವಾಗಿ ನಿಂತಿರುವುವು, ಎರಡು ಆನೆಗಳು.

ನನಗಾದ ವಿಸ್ಮಯವನ್ನು ಓದುಗರು ಊಹಿಸಿಕೊಳ್ಳಬಹುದು. ಅಷ್ಟದಿಗ್ಗಜಗಳು ಭೂಮಿಯನ್ನು ಹೊತ್ತಿವೆಯೆಂದು ಕೇಳುತ್ತ ಬೆಳೆದವನಿಗೆ, ಹಳೇಬೀಡಿನ ಗೋಡೆಯ ತಳದ ಪಟ್ಟಿಕೆಯಲ್ಲಿ ಸಾಲುಸಾಲಾಗಿ ನಡೆಯುವ ಗಜಗಳ ಮೇಲೆ ಇಡಿಯ ಗುಡಿ ನಿಂತಿರುವುದನ್ನು ಅನೇಕ ಸಲ ಕಂಡವನಿಗೆ, ಭಾರವನ್ನು ಹೊರತಕ್ಕ ಪ್ರಾಣಿ ಆನೆಯೇ ಎಂಬುದು ಹೇಳಿಸಿಕೊಳ್ಳಬೇಕಾದ ಮಾತಲ್ಲ. ಆದರೆ ಆನೆಯ ಸುಳಿವೇ ಇಲ್ಲದ ನಾಡಿನಲ್ಲಿ, ಕ್ರೈಸ್ತ ಸನ್ಯಾಸಿಯೊಬ್ಬನು, ತನ್ನ ಧರ್ಮದ ಸೃಷ್ಟಿಕಥೆಯೆಲ್ಲವನ್ನೂ ಒಂದು ಮರದಲ್ಲಿ ಅಡಕಮಾಡಿ, ಆ ಮರವನ್ನು ನಿಲ್ಲಿಸುವುದಕ್ಕೆ ಈ ಪ್ರಾಣಿಯ ಬೆನ್ನನ್ನೇ ಆರಿಸಿಕೊಂಡದ್ದು ಹೇಗೆ? ಕಾಲದ ಸಾಮೀಪ್ಯವನ್ನೂ ಗಮನಿಸಬೇಕು. ಹೊಯ್ಸಳೇಶ್ವರ ದೇವಾಲಯದ ಕಾರ್ಯ ಆರಂಭವಾದದ್ದು 1121ರ ಸುಮಾರಿಗೆ. ಈ ನೆಲ ಸಿದ್ಧವಾದದ್ದು 1163ರಿಂದ 1165ರ ಒಳಗೆ.

ರಚಿಸಿದವನು ಪಂತಲೆಯೋನೆ ಎಂಬ ಸನ್ಯಾಸಿ, ಮಾಡಿಸಿದವನು ಊರಿನ ಆರ್ಚ್‌ಬಿಷಪ್ ಯೋನಾಥನು, ಆಗ ಆಳುತ್ತಿದ್ದವನು ಸಿಸಿಲಿಯ ದೊರೆ ವಿಲಿಯಂ. ಈ ಮೂವರ ಹೆಸರನ್ನೂ ನೆಲವೇ ತನ್ನ ಅಕ್ಷರಗಳಲ್ಲಿ ಹೇಳುತ್ತದೆ. ಸೇವೆಯನ್ನು ಮಾಡಿಸಿದ ಒಡೆಯನೊಂದಿಗೆ ಕೈಯಾರೆ ಮಾಡಿದ ಕುಶಲಿಯ ನಾಮಧೇಯವೂ ಉಳಿದುಬಂದಿರುವುದು ನನಗೆ ಬಹು ಸಂತೋಷವನ್ನು ಕೊಟ್ಟಿತು. ಬೇಲೂರು ಹಳೇಬೀಡುಗಳ ರೂವಾರಿಗಳು ವಿಗ್ರಹಗಳ ಅಡಿಯಲ್ಲಿ ತಮ್ಮ ಅಂಕಿತವನ್ನು ಕಡೆದಿಟ್ಟಿರುವುದನ್ನು ಬಲ್ಲವರು ಆ ಸಂತೋಷದ ಸ್ವರೂಪವನ್ನು ತಿಳಿಯುವರು.

ಕೊಂಬೆಗಳ ಮೇಲೆ ಏನಿದೆಯೆಂದು ಹೇಳುವುದಕ್ಕಿಂತ ಏನಿಲ್ಲವೆಂದು ಹೇಳುವುದೇ ಸುಲಭ. ನೋಹನು ನಾವೆಯನ್ನು ಕಟ್ಟಿಸುತ್ತಿದ್ದಾನೆ. ಬಾಬೆಲಿನ ಗೋಪುರ ಏಳುತ್ತಿದೆ. ಎರಡು ಗ್ರಿಫಿನ್ ಪಕ್ಷಿಗಳು, ಎಂದರೆ ಸಿಂಹದ ಮೈಯೂ ಗರುಡನ ಮುಖವೂ ಕೂಡಿದ ಕಾಲ್ಪನಿಕ ಪ್ರಾಣಿಗಳು, ಅಲೆಕ್ಸಾಂಡರನನ್ನು ಆಕಾಶಕ್ಕೆ ಎತ್ತುತ್ತಿವೆ. ಮಾನವನ ಅಹಂಕಾರಕ್ಕೆ ಅದು ಆ ಕಾಲದವರ ದೃಷ್ಟಾಂತವಾಗಿತ್ತು. ವರ್ಷದ ಹನ್ನೆರಡು ಮಾಸಗಳು ಹನ್ನೆರಡು ವೃತ್ತಗಳಲ್ಲಿ, ಆಯಾ ರಾಶಿಯ ಚಿಹ್ನೆಯೊಡನೆ, ಆಯಾ ಕಾಲದ ಬೇಸಾಯದ ದುಡಿಮೆಯೊಡನೆ ಕುಳಿತಿವೆ. ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಪುರಾಣ ಪುರುಷರ ನಡುವೆ ತನ್ನೂರಿನ ರೈತನಿಗೆ ಜಾಗ ಬಿಡಬೇಕೆಂದು ಪಂತಲೆಯೋನೆಗೆ ತೋರಿದ್ದು ದೊಡ್ಡ ಮನಸ್ಸಿನ ಲಕ್ಷಣ. ಮೇಲುಗಡೆ ಆದಾಮ ಮತ್ತು ಹವ್ವರು ಉದ್ಯಾನದಿಂದ ಹೊರಬೀಳುತ್ತಾರೆ. ಅವರ ಸಮೀಪದಲ್ಲಿ, ಆಡನ್ನು ಹೋಲುವ ಒಂದು ಮೃಗವನ್ನೇರಿ, ಇಂಗ್ಲಿಷ್ ಸಾಹಿತ್ಯದ ಆರ್ಥರ್ ದೊರೆ ಸವಾರಿ ಹೊರಟಿದ್ದಾನೆ. ಇಂಗ್ಲೆಂಡಿನ ಕಥಾಪುರುಷನು ಬೈಬಲ್ಲಿನ ವ್ಯಕ್ತಿಗಳ ನಡುವೆ ಬಂದದ್ದಕ್ಕೆ ನಾರ್ಮನ್ ಜನಾಂಗವೇ ಸೇತುವಾಗಿದ್ದಿರಬೇಕು. ಆಗ ಇಂಗ್ಲೆಂಡೂ ದಕ್ಷಿಣ ಇಟಲಿಯೂ ನಾರ್ಮನ್ ಮೂಲದ ಅರಸರ ಕೈಯಲ್ಲಿದ್ದುವಷ್ಟೆ. ಈ ಚಿತ್ರವನ್ನು ಬಾಲಿಶವೆಂದು ಹಳಿದವರುಂಟು. ರೇಖೆ ಒರಟಾಗಿದೆಯೆಂಬುದು ನಿಜ; ಅದು ಬಾಲಿಶವೆಂಬುದನ್ನು ನಾನು ಸರ್ವಥಾ ಒಪ್ಪಲಾರೆ.

ಊರಿನ ಇತಿಹಾಸ ದಾರುಣವಾದದ್ದು. 1480ರ ಜುಲೈ ತಿಂಗಳಲ್ಲಿ ಗೆದಿಕ್ ಅಹಮದ್ ಪಾಷನ ನಾಯಕತ್ವದಲ್ಲಿ ತುರ್ಕರ ನೌಕಾಬಲ ಬಂದಿಳಿದು, ಹದಿನೈದು ದಿನಗಳ ಮುತ್ತಿಗೆಯ ತರುವಾಯ ಕೋಟೆಯನ್ನು ಹಿಡಿಯಿತು. ಮತಾಂತರವನ್ನು ನಿರಾಕರಿಸಿದ ಸುಮಾರು 800 ಮಂದಿ ಪುರುಷರನ್ನು ಮಿನರ್ವಾ ಗುಡ್ಡದ ಮೇಲೆ ಶಿರಚ್ಛೇದಮಾಡಲಾಯಿತೆಂದು ಪರಂಪರೆ ಹೇಳುತ್ತದೆ. ಅವರ ಅಸ್ಥಿಗಳು ದೇವಾಲಯದ ಒಂದು ಪಾರ್ಶ್ವದಲ್ಲಿ, ಗಾಜಿನ ಬೀರುಗಳ ಹಿಂದೆ ಇಂದಿಗೂ ಕಾಣುತ್ತವೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಆ ಹುತಾತ್ಮರನ್ನು ಸಂತರೆಂದು ಘೋಷಿಸಿದರು. ಸುಲ್ತಾನ ಎರಡನೆಯ ಮೆಹಮದನು 1481ರಲ್ಲಿ ತೀರಿಕೊಂಡ ಮೇಲೆ ಊರು ನೇಪಲ್ಸಿನ ಅರಸರಿಗೆ ಮರಳಿತು. ಅದಾದಮೇಲೆ ಬಲಪಡಿಸಿ ಕಟ್ಟಿದ ಕೋಟೆಯ ಹೆಸರನ್ನೇ 1764ರಲ್ಲಿ ಹೊರೇಸ್ ವಾಲ್‌ಪೋಲನು ತನ್ನ ಭಯಾನಕ ಕಾದಂಬರಿಗೆ ಇಟ್ಟುಕೊಂಡದ್ದನ್ನು ಇಂಗ್ಲಿಷ್ ಓದಿದವರು ಬಲ್ಲರು. ಇಷ್ಟೆಲ್ಲ ಉತ್ಪಾತಗಳ ನಡುವೆ ಹರಳುಗಳ ಆ ನೆಲ ಉಳಿದುಬಂದದ್ದು ಪರಮಾಶ್ಚರ್ಯ.

ಇನ್ನು ದಾರಿಯ ಮಾತು. ಟ್ರಾನಿಯ ದೇವಾಲಯ ಕಡಲಿನ ಅಂಚಿನಲ್ಲಿಯೇ ಎದ್ದಿದೆ. ಸಂಜೆಯ ಬಿಸಿಲಿನಲ್ಲಿ ಅದರ ತಿಳಿಗೆಂಪು ಛಾಯೆಯ ಕಲ್ಲನ್ನು ನೋಡಿದ ಮೇಲೆ ಯೂರೋಪಿನ ಹೆಚ್ಚು ಪ್ರಖ್ಯಾತವಾದ ಗುಡಿಗಳು ನನ್ನ ಮಟ್ಟಿಗೆ ಎರಡನೆಯ ಸ್ಥಾನಕ್ಕೆ ಇಳಿದುವು. ಬಾರಿ ನಗರದ ಹಳೆಯ ಕೇರಿಗಳಲ್ಲಿ ಹೆಂಗಸರು ಮನೆಯ ಮುಂದೆ ಹಲಗೆ ಹಾಕಿಕೊಂಡು, ಗೋಧಿ ರವೆಯ ಹಿಟ್ಟನ್ನು ಚಾಕುವಿನಿಂದ ತುಂಡರಿಸಿ ಹೆಬ್ಬೆರಳಿನಿಂದ ಒತ್ತಿ, ಪುಟ್ಟ ಕಿವಿಯ ಆಕಾರದ ಒರೆಕ್ಯೆತ್ತೆಗಳನ್ನು ಮಾಡುತ್ತ ಕುಳಿತಿರುತ್ತಾರೆ. ಸಸ್ಯಾಹಾರಿಗಳು ಈ ಪ್ರಾಂತದಲ್ಲಿ ಹಸಿದಿರಬೇಕಾಗಿಲ್ಲ. ಒಣಬೀನ್ಸನ್ನು ಬೇಯಿಸಿ ನುಣ್ಣಗೆ ಅರೆದು, ಕಹಿಸೊಪ್ಪಿನೊಡನೆ ಆಲಿವ್ ಎಣ್ಣೆ ಹಾಕಿ ಬಡಿಸುವ ಅವರ ಊಟ ನಮಗೆ ಪ್ರತಿನಿತ್ಯವೂ ರುಚಿಸಿತು. ಪೊಲಿನ್ಯಾನೊ ಬಂಡೆಯ ಅಂಚಿನ ಮೇಲೆ ಕಟ್ಟಿದ ಸುಂದರವಾದ ಊರು. ಆದರೆ ಜನಸಂದಣಿಯ ದೆಸೆಯಿಂದ ಅಲ್ಲಿ ಹೆಚ್ಚು ನಿಲ್ಲಲು ಮನಸ್ಸಾಗಲಿಲ್ಲ.

ಬ್ರಿಂಡಿಸಿಯಲ್ಲಿ ಮಾತ್ರ ಭಾರತೀಯನಾದವನು ಸ್ವಲ್ಪ ಹೊತ್ತು ನಿಲ್ಲಬೇಕು. ರೋಮಿನಿಂದ ಬಂದ ಆಪ್ಪಿಯನ್ ಮಾರ್ಗ ಮುಗಿಯುವ ಬಂದರು ಅದು. ವರ್ಜಿಲ್ ಮಹಾಕವಿ ಕ್ರಿ.ಪೂ. 19ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟನು. 1870ರಿಂದ 1914ರವರೆಗೆ ಲಂಡನ್ನಿನ ಟಪಾಲು ರೈಲಿನಲ್ಲಿ ಅಲ್ಲಿಗೆ ಬಂದು, ಹಡಗನ್ನೇರಿ, ಸೂಯೆಜ್ ಕಾಲುವೆಯ ಮೂಲಕ ಮುಂಬಯಿಯನ್ನು ತಲಪುತ್ತಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ವಿಲಾಯತಿಯಿಂದ ಬಂದ ಪತ್ರಗಳು ಈ ಕಟ್ಟೆಯ ಮೇಲೆ ಇಳಿದು ಏರಿದುವೆಂದು ನೆನೆದರೆ ಬಂದರು ಪರಕೀಯವಾಗಿ ತೋರುವುದಿಲ್ಲ. ದುಂಡುಮೇಜಿನ ಪರಿಷತ್ತು ಮುಗಿದ ಮೇಲೆ, 1931ರ ಡಿಸೆಂಬರಿನಲ್ಲಿ, ಗಾಂಧೀಜಿಯವರು ಸ್ವದೇಶಕ್ಕೆ ಹಡಗು ಹತ್ತಿದ್ದೂ ಇಲ್ಲಿಂದಲೇ.

ಲೆಚ್ಚೆಯಿಂದ ದಕ್ಷಿಣಕ್ಕೆ ರಸ್ತೆಯ ಎರಡು ಕಡೆಗಳಲ್ಲಿಯೂ ಕಂಡದ್ದು ದುಃಖದ ದೃಶ್ಯ. ಶತಮಾನಗಳ ವಯಸ್ಸಿನ ಆಲಿವ್ ಮರಗಳು ಎಲೆಯುದುರಿ, ಬೂದುಬಣ್ಣಕ್ಕೆ ತಿರುಗಿ, ನಿಂತಲ್ಲಿಯೇ ಸತ್ತಿವೆ. 2013ರಲ್ಲಿ ಇದೇ ಪ್ರಾಂತದ ಗಲ್ಲಿಪೊಲಿಯ ಸುತ್ತಿನಲ್ಲಿ ಪತ್ತೆಯಾದ ಕ್ಸೈಲೆಲ್ಲ ಎಂಬ ಬ್ಯಾಕ್ಟೀರಿಯ, ರಸವನ್ನು ಹೀರುವ ಸಣ್ಣ ಕೀಟದ ಮೂಲಕ ಮರದಿಂದ ಮರಕ್ಕೆ ಹಬ್ಬಿ, ನೀರು ಸಾಗಿಸುವ ನಾಳಗಳನ್ನು ಕಟ್ಟಿಬಿಡುತ್ತದೆ. ಲಕ್ಷೋಪಲಕ್ಷ ಮರಗಳು ಹೀಗೆ ಹೋಗಿವೆ. ಕೆಲವೆಡೆ ರೋಗವನ್ನು ತಡೆದುಕೊಳ್ಳಬಲ್ಲ ಹೊಸ ತಳಿಗಳ ಸಸಿಗಳನ್ನು ನೆಟ್ಟಿದ್ದಾರೆ.

ಆನೆಗಳ ಪ್ರಶ್ನೆ ನನ್ನನ್ನು ಬಿಡಲಿಲ್ಲವಾದ್ದರಿಂದ, ಹಿಂದಿರುಗುವ ದಾರಿಯಲ್ಲಿ ಅವುಗಳನ್ನೇ ಅರಸುತ್ತ ಬಂದೆವು. ಅರಸಿದರೆ ಅವು ಎಲ್ಲೆಲ್ಲಿಯೂ ಇವೆ. ಬಾರಿಯ ಸಂತ ನಿಕೊಲಾಸನ ದೇವಾಲಯದ ಹಿಂಬದಿಯ ದೊಡ್ಡ ಕಿಟಕಿಯ ಕಂಬಗಳನ್ನು ಆನೆಗಳು ಹೊತ್ತಿವೆ. ಟ್ರಾನಿಯ ಗುಡಿಯ ಹಿಂಬದಿಯ ಕಿಟಕಿಯಲ್ಲಿಯೂ ಅದೇ ಏರ್ಪಾಡು. ಯಾತ್ರಿಕರೆಲ್ಲ ಮುಂಬಾಗಿಲಿನಲ್ಲಿ ಹೊಕ್ಕು ಅಲ್ಲಿಂದಲೇ ಹೊರಡುವುದರಿಂದ ಈ ಬಡಪ್ರಾಣಿಗಳು ಹೆಚ್ಚು ಜನರ ಕಣ್ಣಿಗೆ ಬೀಳುವುದಿಲ್ಲ.

ಇವು ಬಂದದ್ದು ಎಲ್ಲಿಂದ? ಇತಿಹಾಸಪ್ರಿಯರಾದವರು ಪಿರ್ರಸನನ್ನು ನೆನೆಯುತ್ತಾರೆ. ಎಪಿರಸ್ ದೇಶದ ಆ ದೊರೆ ಕ್ರಿ.ಪೂ. 280ರಲ್ಲಿ ಇದೇ ಪ್ರಾಂತದ ಟಾರೆಂಟಮ್ ನಗರದ ಸಹಾಯಕ್ಕೆಂದು ಇಪ್ಪತ್ತು ಆನೆಗಳನ್ನು ಕಡಲು ದಾಟಿಸಿ ತಂದು ರೋಮನರನ್ನು ಬೆದರಿಸಿದನು. ಇದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಇಪ್ಸಸ್ ಯುದ್ಧದಲ್ಲಿ, ಯುವಕನಾಗಿದ್ದ ಅವನು ಸೆಲ್ಯೂಕಸನ ಗಜಬಲವನ್ನು ಎದುರುಪಕ್ಷದಲ್ಲಿ ನಿಂತು ಕಂಡಿದ್ದನು. ಆ ಆನೆಗಳಾದರೋ ಮೌರ್ಯ ಚಂದ್ರಗುಪ್ತನು ಸೆಲ್ಯೂಕಸನಿಗೆ ಕೊಟ್ಟ 500ರ ಪೈಕಿಯವೆಂದು ಗ್ರೀಕರ ಬರಹಗಳಿಂದ ತಿಳಿದುಬರುತ್ತದೆ. ಅದೇ ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ ನಮ್ಮ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನವನ್ನು ಕೈಗೊಂಡನೆಂಬ ಜೈನಪರಂಪರೆಯನ್ನು ನೆನೆದಾಗ ನನ್ನ ಮೈ ನವಿರೆದ್ದಿತು. ಆದರೆ ಮೈನವಿರು ಪ್ರಮಾಣವಾಗದು. ಪಿರ್ರಸನಿಗೂ ಪಂತಲೆಯೋನೆಗೂ ನಡುವೆ ಸಾವಿರದ ನಾನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಅಷ್ಟು ಕಾಲ ಒಂದು ಪ್ರಾಣಿಯ ಆಕೃತಿಯನ್ನು ಜನರ ನೆನಪು ಕಾಪಾಡಿತೆಂಬುದು ನಂಬಲು ಕಷ್ಟ.

ವಿದ್ವಾಂಸರು ಸಾಮಾನ್ಯವಾಗಿ ತೋರಿಸುವ ಆಕರ ಬೇರೆ. ‘ಫಿಸಿಯೊಲೊಗಸ್’ ಎಂಬ ಪ್ರಾಚೀನ ಗ್ರೀಕ್ ಗ್ರಂಥ, ಲ್ಯಾಟಿನ್ನಿಗೆ ಇಳಿದು, ಮಠಗಳಲ್ಲೆಲ್ಲ ಪಠ್ಯವಾಗಿದ್ದಿತು. ಅದರಂತೆ ಆನೆಯ ದಂಪತಿಗಳು ಪೂರ್ವದಿಕ್ಕಿನಲ್ಲಿ ಸ್ವರ್ಗೋದ್ಯಾನದ ಬಳಿಗೆ ಹೋಗುತ್ತವೆ. ಅಲ್ಲಿ ಹೆಣ್ಣು ಮೊದಲು ಒಂದು ಬೇರನ್ನು ತಿಂದು ಅನಂತರ ಗಂಡಿಗೆ ತಿನ್ನಿಸುತ್ತದೆ. ಆದಕಾರಣ ಅವು ಆದಾಮ ಮತ್ತು ಹವ್ವರ ಪ್ರತೀಕಗಳು. ಆನೆಗೆ ಮಂಡಿಯ ಕೀಲಿಲ್ಲವೆಂದೂ, ಮರಕ್ಕೆ ಒರಗಿಯೇ ಅದು ನಿದ್ರಿಸುತ್ತದೆಂದೂ, ಬೇಟೆಗಾರನು ಆ ಮರವನ್ನು ಕೊಯ್ದಿಟ್ಟು ಅದನ್ನು ಕೆಡವುತ್ತಾನೆಂದೂ ಅದೇ ಗ್ರಂಥ ಹೇಳುತ್ತದೆ. ಪಂತಲೆಯೋನೆ ಇದನ್ನು ಓದಿದ್ದಿರಬಹುದು. ಓದಿದ್ದರೂ, ಆ ಕಥೆಯಲ್ಲಿ ಆನೆ ಮರಕ್ಕೆ ಒರಗುವುದೇ ಹೊರತು ಮರವನ್ನು ಹೊರುವುದಿಲ್ಲ. ಹೊರುವ ಆನೆಯನ್ನು ಅವನು ತನ್ನ ನಾಡಿನ ಕಲ್ಲಿನಲ್ಲಿಯೇ ಕಂಡಿರಬೇಕು.

ಆ ಕಲ್ಲಿನ ಆನೆಗಳಿಗಾದರೂ ಮೂಲ ಬೇಕಷ್ಟೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಇಟಲಿಯಲ್ಲಿ, ಬಹುಶಃ ಸಲೆರ್ನೊ ನಗರದಲ್ಲಿ, ದಂತದಿಂದ ಕಡೆದ ಚದುರಂಗದ ಕಾಯಿಗಳು ಪ್ಯಾರಿಸಿನಲ್ಲಿ ಉಳಿದಿವೆ. ಉಳಿದ ಹದಿನಾರರಲ್ಲಿ ನಾಲ್ಕು ಆನೆಗಳು. ನಮ್ಮ ಚತುರಂಗದ ಗಜ ಪಾರಸಿಕರನ್ನೂ ಅರಬರನ್ನೂ ದಾಟಿ, ಆಟದ ಮಣೆಯನ್ನೇರಿ, ಮೆಡಿಟರೇನಿಯನ್ ತೀರವನ್ನು ಸೇರಿದ ದಾರಿ ಇದು. ಯುದ್ಧದ ಆನೆಗಿಂತ, ಗ್ರಂಥದ ಆನೆಗಿಂತ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದ ಈ ಆನೆಯೇ ಶಿಲ್ಪಿಗೆ ಮಾದರಿಯಾಗಿತ್ತೆಂದು ನಂಬುವುದು ನನಗೆ ಹೆಚ್ಚು ಪ್ರಿಯ. ಮುಂದೆ ಇಂಗ್ಲಿಷರ ಆಟದಲ್ಲಿ ಆ ಆನೆಯ ಮನೆಗೆ ಬಿಷಪ್ಪನು ಬಂದು ನಿಂತನೆಂಬುದು ಆಡುವವರಿಗೆಲ್ಲ ಗೊತ್ತು.

ಅವರಿಬ್ಬರನ್ನೂ ಒಟ್ಟಿಗೆ ನೋಡಬೇಕಾದರೆ ಕರಾವಳಿಯನ್ನು ಬಿಟ್ಟು ಒಳನಾಡಿನ ಕನೋಸಕ್ಕೆ ಹೋಗಬೇಕು. ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಬಿಷಪ್ ಉರ್ಸೊ ಅವರಿಗಾಗಿ ರೊಮುವಾಲ್ದೊ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಕಡೆದ ಪೀಠ ಅಲ್ಲಿನ ದೇವಾಲಯದಲ್ಲಿದೆ. ಅದನ್ನು ಹೊತ್ತಿರುವುವು ಎರಡು ಆನೆಗಳು. ಒಟ್ರಾಂಟೊ ನೆಲಕ್ಕಿಂತ ಅದು ಸುಮಾರು ಮುಕ್ಕಾಲು ಶತಮಾನದಷ್ಟು ಹಳೆಯದು. ಟ್ರಾನಿಯಿಂದ ಕಾರಿನಲ್ಲಿ ಹೊರಟವರು ಅರ್ಧ ದಿನವನ್ನು ಅದಕ್ಕೆಂದು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಮಧ್ಯಾಹ್ನದ ಬಾಗಿಲು ಹಾಕುವುದಕ್ಕೆ ಮುಂಚೆ ಊರನ್ನು ಸೇರುವಂತೆ. ಕ್ರಿ.ಪೂ. 216ರಲ್ಲಿ ಹ್ಯಾನಿಬಾಲನು ರೋಮನರನ್ನು ಸಂಹರಿಸಿದ ಕನ್ನೆಯ ರಣಭೂಮಿಯೂ ಅದೇ ದಾರಿಗೆ ಸಮೀಪದಲ್ಲಿಯೇ ಇದೆ.