ಹನ್ನೊಂದು ಪಂದ್ಯಗಳ ಸಾರಥ್ಯ

1972ನೆಯ ಇಸವಿಯ ಅಕ್ಟೋಬರ್ 15ರಂದು, ಮಯಾಮಿ ನಗರದ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ, ಸ್ಯಾನ್ ಡಿಯೇಗೊ ತಂಡದ ಇಬ್ಬರು ದೃಢಕಾಯರ ಭಾರಕ್ಕೆ ಸಿಲುಕಿ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿಯ ಬಲಗಾಲು ಮುರಿದಾಗ, ಆತನ ಮಯಾಮಿ ಡಾಲ್ಫಿನ್ಸ್ ತಂಡವು ಮೊದಲ ನಾಲ್ಕು ಪಂದ್ಯಗಳನ್ನು ಗೆದ್ದು ಐದನೆಯದನ್ನು ಆಡುತ್ತಲಿತ್ತು. ಆತನ ಸ್ಥಾನಕ್ಕೆ ಅಂಗಣದಂಚಿನಿಂದ ಎದ್ದುಬಂದವನು, ತಲೆಗೂದಲನ್ನು ಹಳೆಯ ಸೈನಿಕರಂತೆ ಗಿಡ್ಡವಾಗಿ ಕತ್ತರಿಸಿಕೊಂಡಿದ್ದ, 38 ವರ್ಷ ವಯಸ್ಸಿನ ಅರ್ಲ್ ಮೊರಾಲ್.

ಅಮೆರಿಕನ್ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡಾದರೂ ಬಹುಮಟ್ಟಿಗೆ ಕೈಯಿಂದಲೇ ನಡೆಯುವ ಆಟ. 100 ಗಜದ ಬಯಲಿನಲ್ಲಿ ಪಕ್ಷಕ್ಕೆ 11 ಮಂದಿಯಂತೆ ಎದುರುಬದುರಾಗಿ ನಿಲ್ಲುವರು. ಚೆಂಡನ್ನು ಪಡೆದ ಪಕ್ಷವು ನಾಲ್ಕು ಯತ್ನಗಳೊಳಗೆ 10 ಗಜವಾದರೂ ಮುಂದೊತ್ತಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಗಡಿಯನ್ನು ದಾಟಿದರೆ 6 ಅಂಕ, ಬಳಿಕದ ಒದೆತ ಫಲಿಸಿದರೆ ಇನ್ನೊಂದು. ಕಂಬಗಳ ನಡುವೆ ಒದ್ದು ತೂರಿಸಿದರೆ 3. ಈ ಮುನ್ನಡೆಯನ್ನೆಲ್ಲ ನಡೆಸುವವನು ಕ್ವಾರ್ಟರ್‌ಬ್ಯಾಕ್. ರಥಕ್ಕೆ ಸಾರಥಿಯೆಂತೋ ತಂಡಕ್ಕೆ ಆತನಂತೆ.

ಮೊರಾಲನ ಪೂರ್ವವೃತ್ತಾಂತವನ್ನು ಬಲ್ಲವರಿಗೆ ಆ ದಿನ ಭರವಸೆಯೂ ಭಯವೂ ಒಟ್ಟಿಗೇ ಹುಟ್ಟಿರಬೇಕು. 1968ರಲ್ಲಿ, ಬಾಲ್ಟಿಮೋರ್ ತಂಡದ ಪ್ರಖ್ಯಾತ ಜಾನಿ ಯೂನಿಟಾಸ್ ಗಾಯಗೊಂಡಿದ್ದಾಗ, ಆತನ ಪೀಠದಲ್ಲಿ ನಿಂತು 14 ಪಂದ್ಯಗಳಲ್ಲಿ 13ನ್ನು ಗೆಲ್ಲಿಸಿಕೊಟ್ಟವನು ಈತನೇ. ಅಂದಿನ ತರಬೇತುದಾರನೂ, 1972ರಲ್ಲಿ ಮಯಾಮಿಯ ತರಬೇತುದಾರನಾಗಿದ್ದ ಡಾನ್ ಶೂಲನೇ. ಆದರೆ 1969ರ ಜನವರಿಯಲ್ಲಿ, ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲಿನಲ್ಲಿ, ಇದೇ ಆರೆಂಜ್ ಬೌಲ್ ಅಂಗಣದಲ್ಲಿ, ಮಧ್ಯಂತರಕ್ಕೆ ಕೆಲವೇ ಕ್ಷಣಗಳು ಉಳಿದಿದ್ದಾಗ, ಗಡಿಯ ಬಳಿ ಒಂಟಿಯಾಗಿ ನಿಂತು ಕೈಬೀಸಿ ಕರೆಯುತ್ತಿದ್ದ ಸಂಗಡಿಗ ಜಿಮ್ಮಿ ಓರನನ್ನು ಕಾಣದೆ ಮೊರಾಲ್ ಬೇರೆಡೆಗೆ ಎಸೆದ ಚೆಂಡು ಎದುರಾಳಿಯ ಕೈಸೇರಿತು. ಬಾಲ್ಟಿಮೋರಿಗೇ ಜಯವೆಂದು ಬಹುಮಂದಿ ಬಗೆದಿದ್ದ ಆ ಪಂದ್ಯವನ್ನು ನ್ಯೂಯಾರ್ಕ್ ಜೆಟ್ಸ್ 16–7ರಿಂದ ಗೆದ್ದುಕೊಂಡಿತು. ಕೊನೆಗೆ 1972ರಲ್ಲಿ ಬಾಲ್ಟಿಮೋರ್ ಕೈಬಿಟ್ಟ ಈತನನ್ನು, ಅಷ್ಟರಲ್ಲಿ ಮಯಾಮಿಗೆ ಬಂದಿದ್ದ ಶೂಲ, 100 ಡಾಲರ್ ಶುಲ್ಕಕ್ಕೆ ಬರಮಾಡಿಕೊಂಡ. ಶೂಲನ ಎದೆಯಲ್ಲಿಯೂ ಗಾಯಗಳಿದ್ದವು: ಅದೇ ವರ್ಷದ ಜನವರಿಯ ಸೂಪರ್ ಬೌಲಿನಲ್ಲಿ ಡಲ್ಲಾಸ್ ತಂಡವು ಆತನ ಡಾಲ್ಫಿನ್ಸರನ್ನು 24–3ರಿಂದ ಮಣಿಸಿತ್ತು.

ಮೊರಾಲ್ ಚಮತ್ಕಾರಗಳಿಗೆ ಕೈಹಾಕಲಿಲ್ಲ. ಅದೇ ಆತನ ವಿವೇಕವೆಂದು ನನ್ನ ಎಣಿಕೆ. ಚೆಂಡನ್ನು ಲ್ಯಾರಿ ಜೊಂಕಾ, ಮರ್ಕ್ಯುರಿ ಮಾರಿಸ್ ಎಂಬ ಓಟಗಾರರ ಕೈಗಿತ್ತು, ತಕ್ಕ ಸಮಯದಲ್ಲಿ ಮಾತ್ರ ದೂರಕ್ಕೆಸೆಯುತ್ತಿದ್ದ. ಜೊಂಕಾ ಆ ವರ್ಷ ಓಡಿದ್ದು 1,117 ಗಜ, ಮಾರಿಸ್ ಸರಿಯಾಗಿ 1,000. ಒಂದೇ ತಂಡದ ಇಬ್ಬರು ಒಂದೇ ಋತುವಿನಲ್ಲಿ ಸಾವಿರವನ್ನು ಮುಟ್ಟಿದ್ದು ಅದೇ ಮೊದಲು. ರಕ್ಷಣಾಪಂಕ್ತಿಗೆ ‘ಹೆಸರಿಲ್ಲದವರು’ ಎಂಬ ಅಡ್ಡಹೆಸರಿತ್ತು. ಅವರ ಹೆಸರುಗಳು ತನಗೆ ನೆನಪಾಗುವುದಿಲ್ಲವೆಂದು ಡಲ್ಲಾಸಿನ ತರಬೇತುದಾರ ಟಾಮ್ ಲ್ಯಾಂಡ್ರಿ ಆಡಿದ ಮಾತೇ ಅದಕ್ಕೆ ಮೂಲ. ಋತುವಿನ 14 ಪಂದ್ಯಗಳಲ್ಲಿ ಡಾಲ್ಫಿನ್ಸರು ಎದುರಿಸಿದ ತಂಡಗಳಲ್ಲಿ ಯಾವುದೂ ತನ್ನ 14ರಲ್ಲಿ 8ಕ್ಕಿಂತ ಹೆಚ್ಚನ್ನು ಗೆದ್ದುದಲ್ಲವೆಂಬ ಆಕ್ಷೇಪಣೆಯುಂಟು, ಅದು ನಿಜವೂ ಹೌದು. ಆದರೆ ದುರ್ಬಲನೆದುರು ಮೈಮರೆಯುವುದು ಬಲಿಷ್ಠನಿಗೆ ಸಹಜವಾದುದರಿಂದ, 14 ವಾರಗಳಲ್ಲಿ ಒಂದು ದಿನವೂ ಹಾಗೆ ಮೈಮರೆಯದಿದ್ದುದನ್ನು ನಾನು ಅಲ್ಪವೆಂದು ಎಣಿಸಲಾರೆ.

ಆ 14ನ್ನೂ ಗೆದ್ದ ಮೇಲೆ, ಸೋತವರು ಹೊರಬೀಳುವ ಮುಂದಿನ ಸುತ್ತಿನಲ್ಲಿ ಕ್ಲೀವ್‌ಲೆಂಡ್ 20–14ರಿಂದ ಸೋತಿತು. ಆಮೇಲೆ ಪಿಟ್ಸ್‌ಬರ್ಗ್. ಸೋಲನ್ನೇ ಕಾಣದ ತಂಡವಾಗಿದ್ದರೂ ಮಯಾಮಿ ಪರಸ್ಥಳಕ್ಕೆ ಹೋಗಿ ಆಡಬೇಕಾಯಿತು, ಏಕೆಂದರೆ ಆಗಿನ ನಿಯಮದಂತೆ ಪಂದ್ಯದ ಸ್ಥಳವು ಸರದಿಯಿಂದ ನಿಶ್ಚಯವಾಗುತ್ತಿತ್ತು. ಅಲ್ಲಿ, ಚೆಂಡನ್ನು ಒದ್ದುಬಿಡಬೇಕಾಗಿದ್ದ ಲ್ಯಾರಿ ಸೈಪಲ್, ಎದುರಾಳಿಗಳು ಬೆನ್ನು ತಿರುಗಿಸಿದ್ದನ್ನು ಕಂಡು 37 ಗಜ ಓಡಿಬಿಟ್ಟ. ಅದರ ಬೆನ್ನಲ್ಲೇ ಮೊರಾಲ್ ಎಸೆದ ಚೆಂಡನ್ನು ಹಿಡಿದು ಜೊಂಕಾ ಗಡಿ ದಾಟಿದ. ಮಧ್ಯಂತರದಲ್ಲಿ 7–7. ದ್ವಿತೀಯಾರ್ಧಕ್ಕೆ ಶೂಲ ಕಾಲು ಮಾಗಿದ ಗ್ರೀಸಿಯನ್ನು ಕರೆದ. ತಾನಾಗಿ ಆರಂಭಿಸಿದ 11 ಪಂದ್ಯಗಳಲ್ಲಿ ಒಂದು ಸೋಲನ್ನೂ ಕಾಣದಿದ್ದ ಹಿರಿಯನು ಕಲಹಮಾಡದೆ ಕಡಿವಾಣವನ್ನು ಕಿರಿಯನಿಗೆ ಬಿಟ್ಟುಕೊಟ್ಟ. ಮಯಾಮಿ 21–17ರಿಂದ ಗೆದ್ದಿತು.

1973ರ ಜನವರಿ 14ರಂದು, ಲಾಸ್ ಏಂಜಲೀಸಿನಲ್ಲಿ ವಾಷಿಂಗ್ಟನ್ ತಂಡದೊಡನೆ ನಡೆದ ಸೂಪರ್ ಬೌಲಿನಲ್ಲಿ ಗ್ರೀಸಿಯೇ ಸಾರಥಿ. 14–0ರಿಂದ ಮುಂದಿದ್ದ ಮಯಾಮಿ, ಇನ್ನೆರಡು ನಿಮಿಷಗಳು ಮಾತ್ರ ಉಳಿದಿರಲು, ಮೂರಂಕಗಳಿಗಾಗಿ ಚೆಂಡನ್ನು ಒದೆಯಲು ಅಣಿಯಾಯಿತು. ಚೆಂಡನ್ನು ನೆಲಕ್ಕೂರಿ ಹಿಡಿಯಲು ಮಂಡಿಯೂರಿ ಕುಳಿತಿದ್ದವನು ಮೊರಾಲ್. ಒದ್ದವನು ಸೈಪ್ರಸ್ ದ್ವೀಪದಲ್ಲಿ ಹುಟ್ಟಿದ, ಕಿರುದೇಹದ ಗಾರೊ ಯೆಪ್ರೆಮಿಯನ್. ಎದುರಾಳಿಗೆ ಬಡಿದು ಮರಳಿದ ಚೆಂಡನ್ನು ಗಾರೊ ಎತ್ತಿಕೊಂಡು, ಅಭ್ಯಾಸವಿಲ್ಲದ ಕೈಯಿಂದ ಎಸೆಯಹೋದ. ಅದು ಬೆರಳುಗಳಿಂದ ಜಾರಿ ಮೇಲೆ ಚಿಮ್ಮಿತು, ವಾಷಿಂಗ್ಟನ್ನಿನ ಮೈಕ್ ಬಾಸ್ ಅದನ್ನು ಹಿಡಿದು 49 ಗಜ ಓಡಿ ಗಡಿ ದಾಟಿದ. 14–7. ಇನ್ನೊಮ್ಮೆ ಚೆಂಡು ವಾಷಿಂಗ್ಟನ್ನಿನ ವಶಕ್ಕೆ ಬಂತು. ಆ ಹೆಸರಿಲ್ಲದವರು ಅದರ ಸಾರಥಿ ಬಿಲ್ಲಿ ಕಿಲ್ಮರನನ್ನು ನೆಲಕ್ಕೆ ಕೆಡವುವಷ್ಟರಲ್ಲಿ ಹೊತ್ತು ತೀರಿತು.

ಹದಿನೇಳು ಪಂದ್ಯ, ಹದಿನೇಳು ಜಯ. 2007ರ ಋತುವಿನಲ್ಲಿ, ಹೀಗೆಯೇ ಸೋಲು ಕಾಣದೆ ಸಾಗಿದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 18ನ್ನು ಗೆದ್ದು ಸೂಪರ್ ಬೌಲಿನಲ್ಲಿ ಎಡವಿತು. ಮೊರಾಲ್ 1976ರ ಋತು ಮುಗಿಯುವವರೆಗೂ ಡಾಲ್ಫಿನ್ಸ್ ತಂಡದಲ್ಲಿಯೇ, ಗ್ರೀಸಿಯ ಬದಲಿಯವನಾಗಿ, ಉಳಿದ. ನಿವೃತ್ತನಾಗುವಾಗ ಆತನಿಗೆ 42 ವರ್ಷ ತುಂಬಿತ್ತು.