ಕರ್ನಾಟಕದಲ್ಲಿ ಕಪ್ಪು ಶಿಲೀಂಧ್ರ ಸೋಂಕು (2021)

ಕಪ್ಪು ಶಿಲೀಂಧ್ರ ಸೋಂಕು ಅಥವಾ ಮ್ಯೂಕರ್‌ಮೈಕೋಸಿಸ್ ಎಂಬುದು 2021ರಲ್ಲಿ ಕೋವಿಡ್-19ರ ಎರಡನೇ ಅಲೆಯ ಸಂದರ್ಭದಲ್ಲಿ ಕರ್ನಾಟಕವೂ ಸೇರಿದಂತೆ ಭಾರತದಾದ್ಯಂತ ಹೆಚ್ಚಾಗಿ ಕಂಡುಬಂದ ಮಾರಣಾಂತಿಕ ರೋಗ. ಜುಲೈ 2021ರ ವೇಳೆಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿದ್ದವು. ರೋಗಕಾರಕ ಶಿಲೀಂಧ್ರಗಳು ಹಲವು ಔಷಧಗಳಿಗೆ ಬಗ್ಗದಿರುವುದರಿಂದ ಇದರ ಚಿಕಿತ್ಸೆ ಕಠಿಣವಾಗಿದೆ.

ಕಾರಣ ಮತ್ತು ಲಕ್ಷಣಗಳು

ರೈಜೋಪಸ್ ಮೊದಲಾದ ಮ್ಯೂಕೊರೇಲ್ಸ್ ಗಣದ ಶಿಲೀಂಧ್ರಗಳು ಈ ರೋಗಕ್ಕೆ ಕಾರಣ. ಇವು ಮಣ್ಣು, ಗೊಬ್ಬರ ಹಾಗೂ ಕೊಳೆಯುವ ಎಲೆಗಳಲ್ಲಿ ಬೆಳೆಯುತ್ತವೆ. ಇವುಗಳ ಬೀಜಕಣಗಳು ಉಸಿರಿನೊಂದಿಗೆ ದೇಹವನ್ನು ಸೇರಿದರೂ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಾಗದು. ನಿಯಂತ್ರಣದಲ್ಲಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡ್‌ಗಳ ಅತಿಬಳಕೆ ಅಪಾಯವನ್ನು ಹೆಚ್ಚಿಸುತ್ತವೆ. ಸೋಂಕು ಮೂಗಿನ ಸುತ್ತಲಿನ ಕುಹರಗಳಿಂದ ಕಣ್ಣಿಗೆ, ಅಲ್ಲಿಂದ ಮೆದುಳಿಗೆ ಹರಡಬಹುದು. ಮುಖದ ನೋವು, ಊತ, ಮೂಗಿನಿಂದ ಕಪ್ಪು ಸ್ರಾವ ಮತ್ತು ದೃಷ್ಟಿ ಮಂದವಾಗುವುದು ಇದರ ಲಕ್ಷಣಗಳು. ರಕ್ತ ಪೂರೈಕೆ ನಿಂತು ಸತ್ತ ಅಂಗಾಂಶವು ಕಪ್ಪಾಗುವುದರಿಂದ ಈ ಹೆಸರು ಬಂದಿದೆ, ಶಿಲೀಂಧ್ರದ ಬಣ್ಣದಿಂದಲ್ಲ. ರೋಗವು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಔಷಧ ಪ್ರತಿರೋಧ

ಫ್ಲುಕೊನಜೋಲ್, ವೊರಿಕೊನಜೋಲ್ ಮತ್ತು ಎಕಿನೊಕ್ಯಾಂಡಿನ್ ವರ್ಗದ ಔಷಧಗಳಿಗೆ ಈ ಶಿಲೀಂಧ್ರಗಳು ಸಹಜವಾಗಿಯೇ ಪ್ರತಿರೋಧ ಹೊಂದಿವೆ. ಆದ್ದರಿಂದ ಸತ್ತ ಅಂಗಾಂಶವನ್ನು ಶಸ್ತ್ರಕ್ರಿಯೆಯಿಂದ ತೆಗೆದು, ಆಂಫೊಟೆರಿಸಿನ್-ಬಿ ಚುಚ್ಚುಮದ್ದು ನೀಡುವುದು ಮುಖ್ಯ ಚಿಕಿತ್ಸೆ. ಪೊಸಕೊನಜೋಲ್ ಮತ್ತು ಇಸಾವುಕೊನಜೋಲ್ ಇತರ ಆಯ್ಕೆಗಳು.

ಕರ್ನಾಟಕದಲ್ಲಿ

ಮೇ 2021ರಲ್ಲಿ ರಾಜ್ಯ ಸರ್ಕಾರವು ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಪ್ರತ್ಯೇಕ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಹುಬ್ಬಳ್ಳಿಯ ಕಿಮ್ಸ್‌ನಲ್ಲೂ ಚಿಕಿತ್ಸೆ ನೀಡಲಾಯಿತು. ಆದರೆ ಆಂಫೊಟೆರಿಸಿನ್-ಬಿ ಔಷಧದ ತೀವ್ರ ಕೊರತೆ ಎದುರಾಯಿತು. ಇದರ ಲೈಪೊಸೋಮಲ್ ರೂಪವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ ಕನಿಷ್ಠ 5 ಮಿಲಿಗ್ರಾಂನಂತೆ ನೀಡಬೇಕು. 60 ಕಿಲೋಗ್ರಾಂ ತೂಕದ ರೋಗಿಗೆ ದಿನವೊಂದಕ್ಕೆ 50 ಮಿಲಿಗ್ರಾಂನ ಆರು ಸೀಸೆಗಳು ಬೇಕು. ಚಿಕಿತ್ಸೆ ಹಲವು ವಾರ ನಡೆಯುತ್ತದೆ. ಬದಲಿ ಔಷಧಗಳು ವಿರಳವಾಗಿದ್ದರಿಂದ ಕೊರತೆಯು ನೇರವಾಗಿ ರೋಗಿಗಳನ್ನು ಬಾಧಿಸಿತು. 12 ಜೂನ್ 2021ರಂದು ಜಿಎಸ್‌ಟಿ ಮಂಡಳಿಯು ಈ ಔಷಧದ ಮೇಲಿನ ತೆರಿಗೆಯನ್ನು ಶೂನ್ಯಕ್ಕೆ ಇಳಿಸಿತು.

ಜಾಗತಿಕ ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅಪಾಯಕಾರಿ ಶಿಲೀಂಧ್ರಗಳ ಮೊದಲ ಆದ್ಯತಾ ಪಟ್ಟಿಯನ್ನು ಪ್ರಕಟಿಸಿತು. ಮ್ಯೂಕೊರೇಲ್ಸ್ ಅದರ ಎರಡನೇ ಗುಂಪಿನಲ್ಲಿದೆ. ಮೊದಲ ಗುಂಪಿನಲ್ಲಿರುವ ಕ್ಯಾಂಡಿಡಾ ಆರಿಸ್ ಅನ್ನು 2009ರಲ್ಲಿ ಜಪಾನಿನಲ್ಲಿ ಗುರುತಿಸಲಾಯಿತು. ಬಹು ಔಷಧಗಳಿಗೆ ಪ್ರತಿರೋಧ ಹೊಂದಿರುವ ಅದು, ಮ್ಯೂಕೊರೇಲ್ಸ್‌ಗೆ ವ್ಯತಿರಿಕ್ತವಾಗಿ, ಆಸ್ಪತ್ರೆಗಳಲ್ಲಿ ರೋಗಿಯಿಂದ ರೋಗಿಗೆ ಹರಡುತ್ತದೆ.