ಗಾಲಿಯ ಮೇಲಿನ ಸಂಸಾರ

ಮನೆ ಬಿಟ್ಟು ಪ್ರವಾಸ ಹೋಗುವುದು ಎಲ್ಲರಿಗೂ ಗೊತ್ತಿದ್ದ ಮಾತು. ಮನೆಯನ್ನೇ ಸಂಗಡ ಕರೆದುಕೊಂಡು ಪ್ರವಾಸ ಹೋಗುವುದು ಹೇಗೆಂಬುದು ನಮಗೆ ತಿಳಿದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ೨೦೨೪ರ ಜೂನ್ ೬ರಿಂದ ಒಂದು ತಿಂಗಳ ಕಾಲ ನಾವು ದಂಪತಿಗಳು, ಮಗ, ಸೊಸೆ, ಏಳು ವರ್ಷದ ಮೊಮ್ಮಗ, ಹೀಗೆ ಐದು ಜನ ಅಮೆರಿಕದ ನೈಋತ್ಯ ಮರುಭೂಮಿಯಲ್ಲಿ ಇಪ್ಪತ್ತೈದು ಅಡಿಯ ಮೋಟಾರು ಮನೆಯೊಂದರಲ್ಲಿ ಸಂಸಾರ ಹೂಡಿದ್ದೆವು. ಅಲ್ಲಿಯವರು ಇದನ್ನು ಆರ್.ವಿ. ಎನ್ನುತ್ತಾರೆ. ಬೇಸಗೆಯಲ್ಲಿ ಮರುಭೂಮಿಗೆ ಹೋಗುವುದು ಯಾವ ಜಾಣತನ ಎಂದು ವಾಚಕರು ಕೇಳಬಹುದು. ಮೊಮ್ಮಗನ ಶಾಲೆಗೆ ರಜೆ ಆಗಲೇ ಇರುವುದು. ಅದಕ್ಕಿಂತ ದೊಡ್ಡ ಕಾರಣ ನಮ್ಮಲ್ಲಿಲ್ಲ.

ಹೊರಡುವ ಎರಡು ವಾರ ಮುಂಚೆ, ಮೇ ೨೩ರಂದು, ನಮ್ಮ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ಹಲವರು ಜೀವ ತೆತ್ತ ಸಂಗತಿ ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ೨೦೧೬ರ ಮೇ ೨೬ರ ಸ್ಫೋಟದಲ್ಲಿ ನಾವು ಮನೆಯಲ್ಲೇ ಇದ್ದೆವು. ಈ ಸಲ ಫೀನಿಕ್ಸಿನಲ್ಲಿ ಮಗನ ಮನೆಯಲ್ಲಿದ್ದೆವು. ನೆರೆಮನೆಯವರು ದೂರವಾಣಿ ಮಾಡಿ, "ನಿಮ್ಮ ಅಡಿಗೆಮನೆಯ ಕಿಟಕಿಯ ಗಾಜು ಒಡೆದಿದೆ, ಬೇರೇನೂ ಆಗಿಲ್ಲ" ಎಂದರು. ಮಗ ಆಗ ಏನೂ ಅನ್ನಲಿಲ್ಲ. ಆದರೆ ಆ ಒಡೆದ ಗಾಜು ತಿಂಗಳುದ್ದಕ್ಕೂ ನಮ್ಮ ಜೊತೆಯಲ್ಲೇ ಪ್ರಯಾಣ ಮಾಡಿತು.

ಹೊರಟ ದಿನ ಫೀನಿಕ್ಸಿನಲ್ಲಿ ೧೧೩ ಡಿಗ್ರಿ, ಅಂದರೆ ೪೫ ಸೆಲ್ಸಿಯಸ್. ಹಿಂದಿನ ವರ್ಷ ಅದೇ ಊರಿನಲ್ಲಿ ಸತತ ೩೧ ದಿನ ೧೧೦ ಡಿಗ್ರಿಗೆ ಇಳಿಯದ ಉಷ್ಣ ಇತ್ತಂತೆ. ಇಂಡಿ ತಾಲೂಕಿನಲ್ಲಿ ಹುಟ್ಟಿ ವಿಜಾಪುರದ ಬಿಸಿಲು ಕುಡಿದು ಬೆಳೆದ ನಮಗೆ ಬಿಸಿಲೆಂದರೆ ಅಂಜಿಕೆಯಿಲ್ಲ ಎಂದು ಕೊಚ್ಚಿಕೊಂಡಿದ್ದೆವು. ವಾಹನದ ಬಾಗಿಲಿನ ಹಿಡಿಕೆ ಮುಟ್ಟಿದೊಡನೆ ಆ ಜಂಬ ಇಳಿಯಿತು. ಮರುಭೂಮಿಯ ಬೇಸಗೆಗೆ ಉಪಾಯ ಒಂದೇ: ಎತ್ತರಕ್ಕೆ ಏರಿಬಿಡುವುದು. ಎರಡೂವರೆ ತಾಸಿನಲ್ಲಿ ಏಳು ಸಾವಿರ ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್ ಸೇರಿದೆವು. ಅಲ್ಲಿ ದೇವದಾರು ಜಾತಿಯ ಮರಗಳ ನೆರಳಿನಲ್ಲಿ ರಾತ್ರಿ ಕಂಬಳಿ ಹೊದೆಯಬೇಕಾಯಿತು.

ಈ ಮನೆಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಚಾಲಕನ ತಲೆಯ ಮೇಲಿನ ಗೂಡಿನಲ್ಲಿ ಮೊಮ್ಮಗನ ಹಾಸಿಗೆ; ಹಿಂದೆ ನಮ್ಮದು; ನಡುವೆ ಊಟದ ಮೇಜು, ರಾತ್ರಿ ಅದೇ ಮಂಚ. ಅನಿಲದ ಒಲೆ, ಶೈತ್ಯಪೆಟ್ಟಿಗೆ, ನಿಂತು ತಿರುಗಲಾಗದಷ್ಟು ಬಚ್ಚಲು. ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ ಪುಣ್ಯ. ಹೊಟ್ಟೆಯೊಳಗೆ ಮೂರು ತೊಟ್ಟಿ: ಶುದ್ಧ ನೀರಿಗೊಂದು, ಪಾತ್ರೆ ತೊಳೆದ ಹಾಗೂ ಸ್ನಾನದ ನೀರಿಗೊಂದು, ಶೌಚದ್ದೊಂದು. ಶುದ್ಧ ನೀರು ಹಿಡಿಯುವುದು ಸುಮಾರು ೧೫೦ ಲೀಟರು. ಐದು ಜನಕ್ಕೆ! ತುಂಬಿದ ಕೊಳೆಯ ತೊಟ್ಟಿಗಳನ್ನು ನಿಗದಿಯಾದ ಸ್ಥಳಕ್ಕೆ ಒಯ್ದು, ದಪ್ಪ ಕೊಳವೆ ಜೋಡಿಸಿ, ನಾವೇ ಬರಿದು ಮಾಡಬೇಕು. ಒಳ್ಳೆಯ ಸಂಬಳದ ಮಗ ಕೈಚೀಲ ತೊಟ್ಟು ಆ ಕೆಲಸ ಮಾಡುವುದನ್ನು ನೋಡಿ ಮನೆಯಾಕೆ ಮುಖ ತಿರುಗಿಸಿಕೊಂಡರು. ಮೂರನೆಯ ದಿನ ತಾವೇ ಕೊಳವೆ ಹಿಡಿದು ನಿಂತಿದ್ದರು.

ಮೊದಲ ಒಗ್ಗರಣೆಗೆ ಹೊಗೆಯ ಎಚ್ಚರಿಕೆ ಗಂಟೆ ಕಿವಿ ಹರಿಯುವಂತೆ ಕೂಗಿಕೊಂಡಿತು. ಅಂದಿನಿಂದ ಸಾಸಿವೆ ಸಿಡಿಸುವುದು ಹೊರಗೆ, ಮರದ ಮೇಜಿನ ಮೇಲೆ, ಸಣ್ಣ ಒಲೆಯಲ್ಲಿ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದ ಗಾಡಿಯ ಮುದುಕ ದಂಪತಿಗಳು ಬಂದು ನಿಂತು, ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದು ಬೇಡಿದರು.

ಗ್ರ್ಯಾಂಡ್ ಕ್ಯಾನ್ಯನ್ ಕುರಿತು ಬರೆದವರು ಬಹಳ. ಒಂದು ಮೈಲು ಆಳದ ಆ ಕಮರಿಯ ಅಂಚಿನಲ್ಲಿ ನಿಂತಾಗ ನಮಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ನಳದ ನೀರು. ಬಂಡೆಯ ನೆತ್ತಿಯ ಮೇಲೆ ಇಷ್ಟೊಂದು ಯಾತ್ರಿಕರಿಗೆ ಎಲ್ಲಿಂದ ನೀರು? ಆಚೆಯ ಗೋಡೆಯಲ್ಲಿ ಉಕ್ಕುವ ಒಂದು ಚಿಲುಮೆಯಿಂದ, ೧೯೬೦ರ ದಶಕದಲ್ಲಿ ಹಾಕತೊಡಗಿದ ಹನ್ನೆರಡೂವರೆ ಮೈಲಿನ ಕೊಳವೆ ಕಮರಿಯ ತಳಕ್ಕಿಳಿದು ಈಚೆ ಏರುತ್ತದೆ. ಅದು ಪದೇ ಪದೇ ಒಡೆಯುತ್ತದೆ, ಪದೇ ಪದೇ ಬೆಸೆಯುತ್ತಾರೆ. ಬಾರವಿ ಅಣೆಕಟ್ಟಿನ ಕೊಳವೆ ಒಡೆಯಿತೆಂದರೆ ನಮ್ಮಲ್ಲಿ ಏಳುವ ಗದ್ದಲ ನೆನಪಾಯಿತು.

ಕೆಳಗೆ ಹರಿಯುವ ಕೊಲರಾಡೊ ನದಿಯ ಕಥೆ ಕೃಷ್ಣೆಯ ನ್ಯಾಯಮಂಡಳಿಗಳ ಸುದ್ದಿ ಓದಿ ಬೆಳೆದವರಿಗೆ ಹೊಸದಲ್ಲ. ೧೯೨೨ರಲ್ಲಿ ಏಳು ರಾಜ್ಯಗಳ ನಡುವೆ ಒಪ್ಪಂದವಾಯಿತು. ಲೆಕ್ಕ ಹಿಡಿದ ವರ್ಷಗಳಲ್ಲಿ ಮಳೆ ಹೆಚ್ಚಾಗಿದ್ದುದರಿಂದ, ನದಿಯಲ್ಲಿ ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿಬಿಟ್ಟರು. ೧೯೬೩ರಲ್ಲಿ ಬಾಗಿಲು ಮುಚ್ಚಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದಿನ ಕೆರೆ ತುಂಬಲು ಹದಿನೇಳು ವರ್ಷ ಹಿಡಿಯಿತು. ನೀರಿಳಿದಲ್ಲೆಲ್ಲ ಕೆಂಪು ಬಂಡೆಗೆ ಸುಣ್ಣ ಬಳಿದಂತೆ ಬಿಳಿ ಪಟ್ಟಿ ಎದ್ದಿದೆ. ನದಿ ಸಮುದ್ರ ಮುಟ್ಟುವುದು ಈಗ ಅಪರೂಪ.

ಅಲ್ಲಿಂದ ಮುಂದೆ ನವಾಹೊ ಜನರ ನಾಡು. ಇಲ್ಲಿ ಗಡಿಯಾರದ ತಮಾಷೆ ಒಂದಿದೆ. ಅರಿಜೋನ ರಾಜ್ಯ ಬೇಸಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ಅದರೊಳಗಿನ ನವಾಹೊ ನಾಡು ಇಡುತ್ತದೆ. ಆ ನಾಡಿನ ನಡುವಿನ ಹೋಪಿ ಜನರು ಮತ್ತೆ ಇಡುವುದಿಲ್ಲ. ಒಂದೇ ಮಧ್ಯಾಹ್ನ ನಮ್ಮ ಊಟದ ಹೊತ್ತು ಮೂರು ಸಲ ಬದಲಾಯಿತು. ತಮಾಷೆಯಲ್ಲದ್ದೂ ಕಂಡೆವು. ದಾರಿಯ ಪಕ್ಕದ ನೀರಿನ ಕಟ್ಟೆಯಲ್ಲಿ ನವಾಹೊ ಹೆಂಗಸೊಬ್ಬಳು ಗಾಡಿಯ ಮೇಲಿನ ತೊಟ್ಟಿ ತುಂಬಿಸಿಕೊಳ್ಳುತ್ತಿದ್ದಳು. ಆ ನಾಡಿನ ಮೂರರಲ್ಲಿ ಸುಮಾರು ಒಂದು ಮನೆಗೆ ನಳವಿಲ್ಲ. ೧೮೬೮ರ ಕರಾರಿನಂತೆ ನೀರು ದೊರಕಿಸಿಕೊಡುವ ಹೊಣೆ ಸರಕಾರಕ್ಕಿದೆ ಎಂದು ಅವರು ವಾದಿಸಿದರು. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತದಿಂದ ಇಲ್ಲವೆಂದಿತು. ಮನೆಯಾಕೆ ಬಹಳ ಹೊತ್ತು ಆ ಹೆಂಗಸನ್ನೇ ನೋಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರೂ ಮೈಲು ನಡೆದು ಕೊಡ ಹೊತ್ತವರು.

ಮಾನ್ಯುಮೆಂಟ್ ವ್ಯಾಲಿಯ ಕೆಂಪು ಶಿಲೆಗಳನ್ನು ದಾಟಿ, ಯೂಟಾ ರಾಜ್ಯದ ಮೆಕ್ಸಿಕನ್ ಹ್ಯಾಟ್ ಎಂಬ ಪುಟ್ಟ ಊರಿನ ಆಚೆ, ಸಾರ್ವಜನಿಕ ಭೂಮಿಯಲ್ಲಿ ಗಾಡಿ ನಿಲ್ಲಿಸಿದೆವು. ಇಂಥ ಭೂಮಿಯಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಪುಕ್ಕಟೆ ಇರಬಹುದು. ಆದರೆ ನಳವಿಲ್ಲ, ವಿದ್ಯುತ್ತಿಲ್ಲ, ಮನುಷ್ಯರ ಸುಳಿವೂ ಇಲ್ಲ. ಅಂದು ಜೂನ್ ೨೧, ನಮ್ಮ ಕಾರಹುಣ್ಣಿಮೆ. ಬಾದಾಮಿಯ ಬೆಟ್ಟದ ಬಣ್ಣದ ಬಂಡೆಗಳ ಮೇಲೆ ಚಂದ್ರ ಏರಿದ. ಸೊಸೆ ಹಿಟ್ಟಿನಲ್ಲಿ ಎರಡು ಎತ್ತು ಮಾಡಿ ಮೊಮ್ಮಗನ ಕೈಗೆ ಕೊಟ್ಟಳು. ಆಗ ಮಗ ಬಾಯಿಬಿಟ್ಟ:

"ಅಪ್ಪಾ, ಆ ಕಿಡಕಿಗೆ ಗಾಜು ಹಾಕಿಸೂದು ಬ್ಯಾಡ. ಮನಿ ಮಾರಿ ಇಲ್ಲೇ ಬಂದುಬಿಡ್ರಿ. ಕಾಗದಪತ್ರ ನಾ ಮಾಡತೀನಿ."

ಮನೆಯಾಕೆ ಖಂಡಿತ ಒಲ್ಲೆ ಎನ್ನುತ್ತಾರೆಂದು ನಾವು ನಿಶ್ಚಿಂತರಾಗಿದ್ದೆವು. ಅವರು ಮೊಮ್ಮಗನ ತಲೆ ನೇವರಿಸುತ್ತ, "ವಿಚಾರ ಮಾಡೂಣು" ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನಡುರಾತ್ರಿ ಎದ್ದು, ಕತ್ತಲಲ್ಲಿ ನೀರು ಕುಡಿದು ಮಲಗಿದೆವು. ಬೆಳಿಗ್ಗೆ ನಳದಲ್ಲಿ ಗಾಳಿ ಬಂತು. ನಾವು ನಳ ಪೂರ್ತಿ ತಿರುಗಿಸಿರಲಿಲ್ಲ. ಪಂಪು ರಾತ್ರಿಯಿಡೀ ನಡೆದಿತ್ತು. ಉಳಿದದ್ದು ಡಬ್ಬಿಯಲ್ಲಿದ್ದ ಆರು ಲೀಟರು ಕುಡಿಯುವ ನೀರು ಮಾತ್ರ. ವಿಚಿತ್ರವೆಂದರೆ ಚೆಲ್ಲಿದ ನೀರು ಎಲ್ಲಿಗೂ ಹೋಗಿರಲಿಲ್ಲ, ಕಾಲಡಿಯ ಇನ್ನೊಂದು ತೊಟ್ಟಿಯಲ್ಲೇ ಇತ್ತು, ಕೊಳೆಯಾಗಿ. ಮಗ ಒಂದು ಮಾತೂ ಆಡಲಿಲ್ಲ. ಮನೆಯಾಕೆ ಸುಮ್ಮನಿರಲಿಲ್ಲ: "ಡೊಂಬಿವಲಿ ನಳಾ ಬಿಟ್ಟಂಗ ಬಿಟ್ಟೀರಲ್ಲಾ! ಇಂಡಿಯೊಳಗ ಹುಟ್ಟಿದವರು!"

ಬಿಸಿಲೇರುವ ಮುಂಚೆ ಹೊರಟು ಬ್ಲಫ್ ಎಂಬ ಊರು ಮುಟ್ಟಿ ನೀರು ತುಂಬಿಸಿಕೊಂಡೆವು. ಮೊಮ್ಮಗ ದಾರಿಯುದ್ದಕ್ಕೂ ತನ್ನ ಲೋಟ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಆ ದೃಶ್ಯ ಮರೆಯುವಂತಿಲ್ಲ.

ಆಮೇಲೆ ಶಿಲೆಯಾದ ಮರಗಳ ಕಾಡು, ನ್ಯೂ ಮೆಕ್ಸಿಕೊದ ಸಕ್ಕರೆಯಂಥ ಬಿಳಿ ಮರಳು, ಎಲ್ಲ ನೋಡಿದೆವು. ಕೊನೆಯ ದಿನಗಳಲ್ಲಿ ಟೂಸಾನ್ ಊರಿನ ಸಗ್ವಾರೊ ಕಳ್ಳಿಗಳ ನಡುವೆ ಇದ್ದೆವು. ಈ ಕಳ್ಳಿಗೆ ಮೊದಲ ತೋಳು ಮೂಡಲು ಐವತ್ತರಿಂದ ಎಪ್ಪತ್ತೈದು ವರ್ಷ ಬೇಕಂತೆ. ಜೂನ್ ಕೊನೆಗೆ ಅದರ ಕೆಂಪು ಹಣ್ಣು ಕೀಳುವುದರೊಂದಿಗೆ ಅಲ್ಲಿಯ ಮೂಲನಿವಾಸಿ ಓಧಮ್ ಜನರ ಹೊಸ ವರ್ಷ ಆರಂಭವಾಗಿ, ಮಳೆಗೆ ಕಾಯುತ್ತಾರೆ. ಒಂದು ಸಂಜೆ ಧೂಳೆದ್ದು, ಹನಿ ಬಿದ್ದು, ಮರುಭೂಮಿಯ ಪೊದೆಗಳಿಂದ ಕಟುವಾದ ಪರಿಮಳ ಹೊಮ್ಮಿತು. ಮನೆಯಾಕೆ ಹೊರಗೆ ನಿಂತು ಸೀರೆ ನೆನೆಯಗೊಟ್ಟರು.

ಜುಲೈ ಕೊನೆಗೆ ಡೊಂಬಿವಲಿಗೆ ಬಂದೆವು. ಬಂದ ವಾರವೇ ಕಿಟಕಿಗೆ ಗಾಜು ಹಾಕಿಸಿದೆವು. ಹಾಕಿದವನು ಅದೇ ಓಣಿಯಲ್ಲಿ ತನಗೆ ಅದು ಎಷ್ಟನೆಯದೋ ಮನೆಯೆಂದು ಲೆಕ್ಕ ಹೇಳಿದ. ಮಗ ಕಳಿಸಿದ ಕಾಗದಗಳು ಬಂದಿವೆ. ಮನೆಯಾಕೆ ತಮ್ಮ ಸಹಿ ಹಾಕಿ ಮೇಜಿನ ಮೇಲಿಟ್ಟಿದ್ದಾರೆ. ನಾವಿನ್ನೂ ಹಾಕಿಲ್ಲ.